ಬರೀ ತಲೆನೋವು

ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರು ಪಟಪಟ ಬಡಿದುಕೊಳ್ಳುತ್ತಿದೆ, ಅಲ್ಲ, ಬಡಿದುಕೊಳ್ಳುತ್ತಿರುವುದು ಅವಳ ಎದೆ, ಸಭೇಲಿ ಐದನೇ ವಿಷಯ ಬಂದಾಗ ನಿನ್ನನ್ನ ಕರೀತೀನಿ ಕಣೇ ಅಂದಿದ್ದಾರೆ ನರ್ಸಕ್ಕ, ಈಗ ನಾಲ್ಕನೆಯದು, ನೀರಿನ ಟ್ಯಾಂಕಿನದು, ಒಂದು ಮುಚ್ಚಳದ ಬಗ್ಗೆ ಇಷ್ಟು ಹೊತ್ತು ಮಾತಾಡುವ ಜನ ಬೇರೆಲ್ಲಾದರೂ ಇದ್ದಾರೆಯೇ, ಇರಲಿ, ಮಾತಾಡಲಿ, ಅಷ್ಟರಲ್ಲಿ ಅವಳ ನಾಲಿಗೆಗೆ ಸ್ವಲ್ಪ ಪಸೆ ಬರಲಿ. ನಾಲ್ಕು ಬೀದಿಯ ಜನವೆಲ್ಲ ಬಂದು ತಮ್ಮದೇ ಸಹಕಾರಿ ಕ್ಲಿನಿಕ್ಕಿನ ಹಾಲ್‌ನಲ್ಲಿ ಕಿಕ್ಕಿರಿದಿದ್ದಾರೆ, ಯಾರೂ ಇಲ್ಲಿ ಬರೀ ರೋಗಿಗಳಲ್ಲ, ಎಲ್ಲರೂ ಮಾಲೀಕರು, ತಲೆಯ ಮೇಲೆ ಇಟ್ಟಿಗೆ ಹೊತ್ತು ಗೋಡೆ ಎಬ್ಬಿಸಿದವರು, ಅವಳಪ್ಪನೂ ಹೊತ್ತಿದ್ದ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಮಗಳನ್ನು ಕಾರ್ಡು ಬರೆಯುವ ಕಿಂಡಿಯ ಹಿಂದೆ ತಂದು ಕೂರಿಸಿದ್ದೂ ಅವನೇ, ಅಕ್ಷರ ದುಂಡಗಿದೆ, ಬಾಯಿ ಕಮ್ಮಿ, ಈ ಕೆಲಸಕ್ಕೆ ಇನ್ನೇನು ಬೇಕು ಅಂತ. ಬಾಯಿ ಕಮ್ಮಿಯೇ, ಕಣ್ಣು ಮಾತ್ರ ಕಮ್ಮಿಯಲ್ಲ, ಕಿಂಡಿಯಿಂದ ಬೆಂಚು ಪೂರ್ತಿ ಕಾಣುತ್ತದೆ, ಮೂರು ವರ್ಷ ಅವಳು ನೋಡಿದ್ದು ಆ ಬೆಂಚನ್ನೇ — ಬಂದವರು ಅಲ್ಲಿ ಕೂತು ತಮ್ಮ ಕಾಯಿಲೆ ಬಾಯಿಬಿಟ್ಟು ಹೇಳಬೇಕು, ಯಾರು ಮೊದಲು ಒಳಗೆ ಹೋಗಬೇಕು ಅಂತ ಬೆಂಚೇ ತೀರ್ಮಾನಿಸುತ್ತದೆ, ಅಧ್ಯಕ್ಷರಾದ ಡ್ರೈವರ್ ತಾತನ ನಿಯಮ ಅದು, ಬಸ್ಸಲ್ಲಿ ಆಗದೇ ಇರೋರಿಗೆ ಸೀಟು ಬಿಟ್ಟುಕೊಡಲ್ವೇನ್ರಪ್ಪಾ, ಹಾಗೇ ಇದು, ಮಾಲೀಕರಿಗೆ ಮಾಲೀಕರ ಹತ್ರ ಎಂಥಾ ಮುಚ್ಚುಮರೆ. ಸುಳ್ಳಲ್ಲ, ಉಬ್ಬಸದ ಅಜ್ಜಿ ಒಬ್ಬರನ್ನು ಬೆಂಚು ಎತ್ತಿಕೊಂಡೇ ಒಳಗೆ ಕಳಿಸಿತ್ತು, ಆದರೆ ಟೈಲರ್ ಅತ್ತೆ, ಡಾಕ್ಟರ್ ಬರುವ ದಿನವೆಂದು ಮೂರು ಸೋಮವಾರ ಬಂದಳು, ಏನಮ್ಮಾ ನಿಂಗೆ ಅಂದರೆ ಬರೀ ತಲೆನೋವು, ಹಾಗಾದ್ರೆ ಕೂತ್ಕೋ ತಾಯಿ, ಹಲ್ಲುನೋವು ಮುಂದೆ ಹೋಯಿತು, ಕಾಲುಳುಕು ಮುಂದೆ ಹೋಯಿತು, ಡಾಕ್ಟರ್ ಎದ್ದು ಹೋಗುವ ಹೊತ್ತಾಯಿತು, ಅತ್ತೆಯೂ ಎದ್ದು ಹೋದಳು, ನಾಲ್ಕನೇ ಸೋಮವಾರ ಕಿಂಡಿಗೆ ಬಾಯಿ ಹಚ್ಚಿ, ಎದೇಲಿ ಗಂಟು ಕಣೇ, ಕಡಲೆಕಾಳಷ್ಟಿತ್ತು, ಈಗ ನಿಂಬೆಹಣ್ಣಿನಷ್ಟಾಗಿದೆ, ಯಾರಿಗೂ ಹೇಳಬೇಡ, ನನ್ನಾಣೆ. ನರ್ಸಕ್ಕನ ಹತ್ರ ಹೇಳಿ ಒಳಗೆ ಕರೆಸಲಾ ಅತ್ತೆ, ಅಯ್ಯೋ ಬೇಡ, ಸರದಿ ತಪ್ಪಿಸಿ ಒಳಗೆ ಹೋದ್ರೆ ಬೆಂಚು ಸುಮ್ನಿರುತ್ತಾ, ಯಾಕೆ ಯಾಕೆ ಅಂತ ಮನೆ ಬಾಗಿಲವರೆಗೂ ಬರುತ್ತೆ. ಅದಕ್ಕೇ ಈ ಐದನೇ ವಿಷಯ, ಇನ್ನು ಮೇಲೆ ಪರದೆಯ ಹಿಂದೆ ನರ್ಸಕ್ಕ ಒಬ್ಬೊಬ್ಬರನ್ನೇ ಕೇಳಲಿ, ಸರದಿ ಅವರೇ ಹೇಳಲಿ ಅಂತ, ಕಾರ್ಡಿನ ಹಿಂಬದಿಯಲ್ಲಿ ದುಂಡಗೆ ಬರೆದು ಕೊಟ್ಟವಳು ಅವಳೇ, ಕೊಟ್ಟ ಮೇಲೆ ಒಂದು ವಾರ ಊಟ ಸೇರಿಲ್ಲ, ಭಯಕ್ಕಲ್ಲ, ಅದೊಂಥರಾ ಖುಷಿ, ಉಯ್ಯಾಲೆ ಮೇಲಕ್ಕೆ ಹೋದಾಗ ಆಗುತ್ತದಲ್ಲ, ಅದು.

ಐದನೆಯದು, ಅವಳ ಕಾಲುಗಳು ಅವಳನ್ನು ಕೇಳದೆಯೇ ಎದ್ದು ನಿಂತಿವೆ, ನಮ್ಮ ಪಿಸುಗುಟ್ಟಮ್ಮ ಮಾತಾಡ್ತಾಳಂತೆ, ಕೆಮ್ಮೋರು ಈಗ್ಲೇ ಕೆಮ್ಮಿಬಿಡ್ರಪ್ಪಾ ಅಂದ ಡ್ರೈವರ್ ತಾತ, ಸಭೆ ನಕ್ಕಿತು, ಅವಳೂ ನಕ್ಕಳು, ಹೇಳಿದಳು, ಎಷ್ಟು ಹೇಳಿದಳೋ, ಹೇಗೆ ಹೇಳಿದಳೋ, ಪರದೆ ಅನ್ನುವ ಪದ ಮೂರು ಸಲ ಬಂತು. ತಾತ ಕನ್ನಡಕ ಒರೆಸುತ್ತ, ಅಲ್ಲಮ್ಮಾ, ಬೆಂಚಿನಿಂದ ಯಾರಿಗೆ ಏನು ತೊಂದ್ರೆ ಆಗಿದೆ, ಒಂದೇ ಒಂದು ಹೆಸರು ಹೇಳು, ಈಗ್ಲೇ ಕಿತ್ತು ಹಾಕೋಣ ನಿಯಮಾನ. ಒಂದು ಹೆಸರು, ಅದು ನಾಲಿಗೆಯ ತುದಿಯಲ್ಲೇ ಇದೆ, ಹೇಳಿದರೆ ಗೆದ್ದಳು, ಹೇಳಿದರೆ ಅತ್ತೆ ಈ ಬಾಗಿಲು ಇನ್ನು ತುಳಿಯುವುದಿಲ್ಲ, ಅತ್ತೆ ಕೂತ ಹಿಂದಿನ ಸಾಲಿನ ಕಡೆ ನೋಡಬಾರದು, ನೋಡಿದರೂ ಗೊತ್ತಾಗಿಬಿಡುತ್ತದೆ, ಟ್ಯೂಬ್‌ಲೈಟು ನೋಡು, ತಾತನ ಕಿವಿ ನೋಡು — ಹೆಸರು ಹೇಳಲ್ಲ ತಾತ, ಕೇಳ್ತೀನಿ, ಬೇರೇನೋ ನೋವಿಟ್ಕೊಂಡು ಈ ಬೆಂಚಿನ ಮೇಲೆ ಬರೀ ತಲೆನೋವು ಅಂತ ಸುಳ್ಳು ಹೇಳಿದೋರು ಕೈ ಎತ್ತಿ, ಏನು ನೋವು ಅಂತ ಯಾರೂ ಯಾರನ್ನೂ ಕೇಳಬಾರದು. ಯಾರ ದನಿ ಇದು, ಇಷ್ಟು ದೊಡ್ಡದು, ತನ್ನದೇ, ತನ್ನ ಕೈಯೂ ಮೇಲೇ ಇದೆ, ಮೊದಲ ವರ್ಷ ತಿಂಗಳ ಹೊಟ್ಟೆನೋವಿಗೆ ಅವಳೂ ತಲೆನೋವು ಅಂತಲೇ ಹೇಳಿ ಮಾತ್ರೆ ನುಂಗಿದ್ದಳು, ಒಂಟಿ ಕೈ, ಎಷ್ಟು ಭಾರ, ತಾತ ಒಬ್ಬನೇ ನಕ್ಕ, ನಗು ನಿಂತಿತು, ಅವನ ಕೈ ಕಿವಿ ಕೆರೆಯಲು ಹೋಯಿತು, ಕೆರೆಯಿತು, ಇಳಿಯಲಿಲ್ಲ, ಇನ್ನೂ ಮೇಲೆ ಹೋಯಿತು, ಏನ್ರೋ ಹಾಗೆ ನೋಡ್ತೀರಾ, ಮೂವತ್ತು ವರ್ಷ ಬಸ್ಸಿನ ಬಿಸಿ ಸೀಟಿನ ಮೇಲೆ ಕೂತೋನಿಗೆ ಬರೋ ಕಾಯಿಲೇನ ಬೆಂಚಿನ ಮುಂದೆ ಹೇಳೋಕಾಗುತ್ತೇನ್ರೋ, ಒಂದು ಹೆಸರು ಕೇಳಿದ್ನಲ್ಲಮ್ಮಾ, ತಗೋ, ನಂದೇ ಬರ್ಕೋ. ಸಭೆ ಬಿದ್ದು ಬಿದ್ದು ನಗುತ್ತಿದೆ, ನಗುನಗುತ್ತಲೇ ಕೈಗಳು, ಅಲ್ಲೊಂದು, ಇಲ್ಲೆರಡು, ನರ್ಸಕ್ಕ ಎಣಿಸುತ್ತಿದ್ದಾರೆ, ಹದಿನೆಂಟು, ಇಪ್ಪತ್ಮೂರು, ಇಷ್ಟು ತಲೆನೋವುಗಳೇ, ಅವಳಿಗೆ ಕುಣಿಯಬೇಕೆನಿಸಿದೆ, ಈಗ ನೋಡಬಹುದು, ಇಷ್ಟು ಕೈಗಳ ನಡುವೆ ಯಾರ ಕೈ ಯಾರಿಗೆ ಗೊತ್ತಾಗುತ್ತದೆ, ನೋಡಿದಳು, ಹಿಂದಿನ ಸಾಲು, ಬಾಗಿಲ ಪಕ್ಕ, ಮೆಲ್ಲಗೆ ಮೇಲೇರುತ್ತಿರುವ ಒಂದು ಕೈ, ನಡುಬೆರಳಿಗೆ ಅಂಗುಸ್ತಾನ, ಅರ್ಧ ಹೊಲಿಗೆ ಬಿಟ್ಟು ಓಡಿ ಬಂದವಳು ತೆಗೆದಿಡಲು ಮರೆತಿದ್ದಾಳೆ, ಸೂಜಿ ಚುಚ್ಚದಿರಲೆಂದು ಬೆರಳಿಗಿಟ್ಟ ಪುಟ್ಟ ತಗಡಿನ ಟೋಪಿ, ಮೂವತ್ತೊಂದು ಅಂದರು ನರ್ಸಕ್ಕ, ಸೋಮವಾರ ಪರದೆಯ ಹಿಂದೆ ಹೋಗುವ ಮೊದಲ ಕಾರ್ಡು ಯಾರದೆಂದು ಅವಳಿಗೆ ಗೊತ್ತು, ಬಾಗಿಲ ಬಿಸಿಲು ಸೀದಾ ಅದರ ಮೇಲೆ, ಅಂಗುಸ್ತಾನ, ಮೂವತ್ತೆರಡು, ಆ ಬೆರಳು ಇಳಿಯುತ್ತಿಲ್ಲ, ಬಿಸಿಲು, ಅಂಗುಸ್ತಾನ —