ತೇಲತೊಡಗಿದ ಪೂತರೇಕು

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರತ್ನಾಚಲ್ ರೈಲಿನಲ್ಲಿ ಆರು ತಾಸು. ಆ ಆರು ತಾಸೂ ಧೀರಜ್ ಅಗಲ ಬಾಯಿಯ ಫ್ಲಾಸ್ಕೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಾಣಂತಿಯ ಹಾಗೆ ಅಲುಗಾಡದೆ ಕೂತಿದ್ದ. ಎದುರು ಸೀಟಿನವರು ಕಾಫಿ ಇರಬಹುದೆಂದು ಕಾದೂ ಕಾದೂ ತುನಿ ಸ್ಟೇಷನ್ನಿನ ಹೊತ್ತಿಗೆ ಆಸೆ ಬಿಟ್ಟರು. ಒಳಗಿದ್ದದ್ದು ಆಕ್ಸಲಾಟಲ್. ಹೆಸರು ಕೇಳಿ ಗಾಬರಿಯಾಗಬೇಡಿ, ಮೊದಲ ಸಲ ಅವನೂ ಆಗಿದ್ದ. ಮೆಕ್ಸಿಕೋ ದೇಶದ ಜೀವಿ. ಮೀನಿನ ಹಾಗೆ ನೀರಲ್ಲೇ ಬದುಕುತ್ತದೆ, ಆದರೆ ನಾಲ್ಕು ಕಾಲಿವೆ, ತಳದಲ್ಲಿ ನಡೆದಾಡಿಕೊಂಡಿರುತ್ತದೆ. ಕತ್ತಿನ ಎರಡೂ ಕಡೆ ಕೆಂಪು ಗರಿಯಂಥ ಕಿವಿರು, ಮುಖದ ತುಂಬ ಒಂದು ಪೆದ್ದು ನಗು. ಇದಿನ್ನೂ ನಡುಬೆರಳಿನಷ್ಟುದ್ದದ ಮರಿ. ಮೈ ಬೆಳ್ಳಗೆ ತೆಳ್ಳಗೆ ಇದ್ದದ್ದರಿಂದ ಅದರ ಒಡತಿ ಮೇಧಾ ಅದಕ್ಕೆ ಗೋದಾವರಿ ಸೀಮೆಯ ಕಾಗದದಂಥ ಸಿಹಿಯ ಹೆಸರಿಟ್ಟಿದ್ದಳು: ಪೂತರೇಕು. ಮುದ್ದಿಗೆ ರೇಕು.

ಮೇಧಾ ಧೀರಜನ ಅಕ್ಕ ತೃಪ್ತಿಯ ಮಗಳು, ಒಂಬತ್ತು ವರ್ಷ. ಅವಳಪ್ಪ ದಿನೇಶ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಚೆನ್ನೈಗೆ ಹೋದಾಗ ಮಗಳ ಹಟಕ್ಕೆ ಮಣಿದು ಇದನ್ನು ಕೊಂಡು ತಂದಿದ್ದರು. ತಂಪು ನೀರಿನ ಪ್ರಾಣಿ ಎಂದು ಅಂಗಡಿಯವನು ಹೇಳಿದ್ದು ಅವರಿಗೆ ನೆನಪಾದದ್ದು ಏಪ್ರಿಲ್‌ನಲ್ಲಿ, ತೊಟ್ಟಿಯ ನೀರು ಸ್ನಾನಕ್ಕೆ ಹದವಾದಾಗ. ಮೇ ತಿಂಗಳಲ್ಲಿ ಮರಿ ಬೆಂದೇ ಹೋಗುತ್ತಿತ್ತು. ವಿಶಾಖಪಟ್ಟಣದಲ್ಲಿ ಕಡಲ ಗಾಳಿಯಾದರೂ ಇದೆಯಲ್ಲ ಎಂದು, ಮಳೆ ಶುರುವಾಗುವ ತನಕ ಅದನ್ನು ಸಾಕುವ ಹೊಣೆ ಸೋದರಮಾವನ ತಲೆಗೆ ಬಿತ್ತು. ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆಂದು ಮೇಧಾ ಹೇಳಿದಳು, ಹೇಳಿದಂತೆ ಮಾಡುತ್ತಿದ್ದಳು ಕೂಡ.

ಧೀರಜ್ ಅರಸೀಕೆರೆಯವನು. ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ, ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಮಹಡಿ ಮೇಲೊಂದು ಬಾಡಿಗೆ ಕೋಣೆ. ಕೋಣೆಯೋ ಮಧ್ಯಾಹ್ನ ಒಲೆ. ಹಾಗಾಗಿ ರೇಕುವಿನ ಮಣ್ಣಿನ ಬಾನಿಗೆ ಕೆಳಗಡೆ, ಬಾವಿ ಪಕ್ಕದ ನೆರಳಿನ ಓಣಿಯಲ್ಲಿ ಜಾಗ ಕೊಟ್ಟವರು ಮನೆಯೊಡತಿ ಸೀತಾಮಹಾಲಕ್ಷ್ಮಿಯವರು. ಅರವತ್ತು ದಾಟಿದ, ಒಬ್ಬರೇ ಇರುವ, ಬಹಳ ಮಡಿಯ ಹೆಂಗಸು. ಕಸದಲ್ಲಿ ಮೊಟ್ಟೆಯ ಚಿಪ್ಪು ಕಂಡಿತೆಂದು ಹಿಂದಿನ ಬಾಡಿಗೆದಾರನಿಗೆ ಮಾರನೆಯ ದಿನವೇ ಗೇಟು ತೋರಿಸಿದವರು. ಆಕೆ ಬಾನಿಯೊಳಗೆ ಬಗ್ಗಿ ನೋಡಿ, ಪಾಪ ಇದು ಏನು ತಿನ್ನುತ್ತದೆ ಎಂದು ಕೇಳಿದರು. ರೇಕು ತಿನ್ನುವುದು ಎರೆಹುಳ. ನಮ್ಮ ಧೀರ ಹೆದರಿ, "ಮಾತ್ರೆ" ಎಂದುಬಿಟ್ಟ. ಔಷಧ ಕಂಪನಿಯವನ ಮಾತು, ಆಕೆ ನಂಬಿದರು. ಹುಳದ ಡಬ್ಬ ಮಹಡಿಯಲ್ಲಿ ಮಂಚದ ಕೆಳಗೆ ಸೇರಿತು.

ಗುಣಮಟ್ಟ ವಿಭಾಗದವರಿಗೆ ಒಂದು ರೋಗವಿದೆ, ಬರೆದಿಡದೆ ಹೋದದ್ದು ನಡೆದೇ ಇಲ್ಲ. ಧೀರಜ್ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದ: ನೀರಿನ ಉಷ್ಣತೆ, ಕೊಟ್ಟ ಹುಳ, ಹಾಕಿದ ಹಿಕ್ಕೆ. ದಿನವೂ ತಾನೇ ಬರೆದು ತಾನೇ ಸಹಿ ಮಾಡುತ್ತಿದ್ದ. ಬಾನಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೊಂದು ಫ್ಯಾನ್ ಬಿಟ್ಟು, ನೀರನ್ನು ತಂಪಾಗಿಟ್ಟಿದ್ದ. ಹನ್ನೊಂದು ದಿನ ಎಲ್ಲ ಸುಸೂತ್ರವಾಗಿ ನಡೆಯಿತು.

ಹನ್ನೆರಡನೆಯ ದಿನ ರೇಕು ತೇಲಿತು. ತಲೆ ಕೆಳಗೆ, ಬಾಲ ಮೇಲೆ. ನಾಲ್ಕು ಕಾಲನ್ನೂ ಬಡಿದು ಕೆಳಗಿಳಿಯಲು ನೋಡುವುದು, ಬೆಂಡಿನ ಹಾಗೆ ಮತ್ತೆ ಮೇಲೆ ಬರುವುದು. ಹೊಟ್ಟೆ ಉಬ್ಬಿತ್ತು. ಸಂಜೆ ಮೇಧಾ ಕೇಳಿದಾಗ ಚೆನ್ನಾಗಿದೆ ಎಂದ. ಮರುದಿನವೂ ಹಾಗೇ ಅಂದ. ಹದಿನಾಲ್ಕನೆಯ ದಿನ ನೆಟ್ ಸೆಂಟರಿನಲ್ಲಿ ಕೂತು, ಈ ಪ್ರಾಣಿ ಸಾಕಿದ ಪರದೇಶದವರು ಬರೆದದ್ದನ್ನೆಲ್ಲ ಓದಿದ. ಹೊಟ್ಟೆಯಲ್ಲಿ ಏನೋ ಕಟ್ಟಿಕೊಂಡಿರಬಹುದು, ತಿನ್ನಲು ಕೊಡಬೇಡಿ, ಕಾಲಿಗೆ ನೆಲ ಸಿಗುವಷ್ಟೇ ನೀರಿಡಿ, ಅದಕ್ಕೂ ಬಗ್ಗದಿದ್ದರೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಎಂದಿತ್ತು. ಓಡಿ ಬಂದು ಬಾನಿಯ ನೀರು ಮೊಗೆದ. ತಳದಲ್ಲಿ ಎರಡು ಅನ್ನದ ಅಗುಳು ಸಿಕ್ಕವು.

ಅವನು ಉಣ್ಣುವುದು ಮೆಸ್ಸಿನಲ್ಲಿ. ಕೋಣೆಯಲ್ಲಿ ಸ್ಟವ್ ಕೂಡ ಇಲ್ಲ. ಅಗುಳು ಎಲ್ಲಿಂದ ಬಂತೆಂದು ತಿಳಿಯಲು ತನಿಖೆ ಬೇಕಿರಲಿಲ್ಲ. ಸೀತಾಮಹಾಲಕ್ಷ್ಮಿಯವರು ತಾವು ಉಣ್ಣುವ ಮೊದಲು ಕಾಂಪೌಂಡ್ ಗೋಡೆಯ ಮೇಲೆ ಕಾಗೆಗೆ ಒಂದು ತುತ್ತು ಇಡದ ದಿನವಿಲ್ಲ. ಈಗ ಮನೆಯೊಳಗೇ ಒಂದು ಜೀವ ಬರೀ ಮಾತ್ರೆ ನುಂಗಿಕೊಂಡು ಬಿದ್ದಿರುವಾಗ ಅವರ ಗಂಟಲಲ್ಲಿ ಅನ್ನ ಇಳಿದೀತೇ? ತುಪ್ಪ ಕಲೆಸಿದ ನಾಲ್ಕು ಅಗುಳು ದಿನವೂ ಬಾನಿಗೆ ಬೀಳುತ್ತಿತ್ತು. ಬಾಯ ಮುಂದೆ ಬಿದ್ದದ್ದನ್ನೆಲ್ಲ ಗುಳುಂ ಮಾಡುವ ಪೆದ್ದು ಮರಿ ಅದನ್ನೂ ನುಂಗುತ್ತಿತ್ತು.

ತಪ್ಪು ಯಾರದು? ಧೀರಜನದೇ, ಅವನಿಗೂ ಅದು ಗೊತ್ತಿತ್ತು. ಈಗ ಅನ್ನ ಹಾಕಬೇಡಿ ಎಂದರೆ ಯಾಕೆಂದು ಹೇಳಬೇಕು, ಹೇಳಿದರೆ ಹುಳದ ಡಬ್ಬ ಹೊರಗೆ ಬರುತ್ತದೆ, ಅದರ ಹಿಂದೆಯೇ ತನ್ನ ಹಾಸಿಗೆ ಟ್ರಂಕು. ಇಡೀ ಮನೆಗೆ ಇದ್ದದ್ದೊಂದೇ ಫ್ರಿಜ್, ಅದೂ ಆಕೆಯದು. ರೇಕು ಏಕಾದಶಿ ಉಪವಾಸದಲ್ಲಿದೆ ಎಂದರೆ ಹೇಗೆ ಎಂದೊಮ್ಮೆ ಯೋಚಿಸಿದ. ಏಕಾದಶಿಗೆ ಫ್ರಿಜ್ಜಿನಲ್ಲಿ ಕೂರುವವರು ಯಾರಿದ್ದಾರೆ! ಅಷ್ಟರಲ್ಲಿ ರೇಕು ಪೂರ್ತಿ ಒಂದು ಮಗ್ಗುಲಿಗೆ ವಾಲಿ, ಒಂದು ಕಡೆಯ ಕಿವಿರು ನೀರಿನಾಚೆ ಬಂತು. ಅವನು ಎದ್ದು ಆಕೆಯ ಬಾಗಿಲಿಗೆ ಹೋದ.

ಬಂದಷ್ಟು ತೆಲುಗಿನಲ್ಲಿ ಎಲ್ಲ ಒದರಿದ. ಅದು ಮಾತ್ರೆ ತಿನ್ನುವುದಿಲ್ಲ, ಹುಳ ತಿನ್ನುತ್ತದೆ, ಜೀವಂತ ಹುಳ, ತನ್ನ ಮಂಚದ ಕೆಳಗಿದೆ. ಅನ್ನ ಅದರ ಹೊಟ್ಟೆಯಲ್ಲಿ ಕಟ್ಟಿಕೊಂಡಿದೆ. ನಿಮ್ಮ ಫ್ರಿಜ್ ಬೇಕು.

ಅವನು ಮನಸ್ಸಿನಲ್ಲೇ ಅರ್ಧ ಗಂಟುಮೂಟೆ ಕಟ್ಟಿದ್ದ.

"ಕೈಯಾರೆ ನಾನೇ ಅದರ ಹೊಟ್ಟೆ ಕೆಡಿಸಿದೆನಾ, ನಾಯನಾ?" ಎಂದರು ಆಕೆ. "ಹುಳ ಅಂತ ಒಂದು ಮಾತು ಹೇಳಿದ್ದರೆ ಅನ್ನ ಹಾಕ್ತಿದ್ದೆನಾ?"

ಹುಳ ಸಾಕಿದ್ದಕ್ಕೆ ಬೈಗುಳ ಕೇಳಲು ಅವನು ತಯಾರಾಗಿದ್ದ. ಈ ಮಾತಿಗೆ ನಾಚಿಕೆಯಿಂದ ಕುಗ್ಗಿಹೋದ. ಆಕೆ ಒಳಗೆ ಹೋಗಿ ಫ್ರಿಜ್ಜಿನ ಕೆಳಗಿನ ಖಾನೆ ಖಾಲಿ ಮಾಡಿದರು. ಮೊಸರು, ಹಸಿಮೆಣಸಿನಕಾಯಿ ಮೇಲೆ ಹೋದವು. ಸಿಂಹಾಚಲಂನ ಪ್ರಸಾದ ದೇವರ ಗೂಡಿಗೆ ಹೋಯಿತು. ಹೋಗುತ್ತಾ ಆಕೆ ಗೊಣಗಿದರು, ನಮ್ಮ ಸಿಂಹಾಚಲಂ ಬೆಟ್ಟದ ದೇವರು ಅಪ್ಪನ್ನಸ್ವಾಮಿ ವರಾಹವೂ ಆಗಿ ಸಿಂಹವೂ ಆಗಿ ನಾವಿಟ್ಟ ಪುಳಿಹೋರವನ್ನೇ ಒಪ್ಪಿಸಿಕೊಂಡಿದ್ದಾನೆ, ಹಾಗೆಂದು ಎಲ್ಲ ಪ್ರಾಣಿಗೂ ಅನ್ನ ಒಗ್ಗಬೇಕೆಂದಿದೆಯೇ ಎಂದು.

ಸ್ಟೀಲ್ ಡಬ್ಬದಲ್ಲಿ ಬಾವಿ ನೀರು ಹಾಕಿ, ಮುಚ್ಚಳಕ್ಕೆ ತೂತು ಕೊರೆದು, ರೇಕುವನ್ನು ನಿಧಾನವಾಗಿ ತಣ್ಣಗಾಗಿಸಿ ಒಳಗಿಟ್ಟರು. ಮೂರು ದಿನ ಧೀರಜ್ ರಜೆ ಹಾಕಿದ. ಬೆಳಿಗ್ಗೆ ನೀರು ಬದಲಿಸುವುದು, ಮೂರು ಹೊತ್ತು ಉಷ್ಣತೆ ಬರೆಯುವುದು. ಆಕೆ ಫ್ರಿಜ್ಜಿನ ಎದುರು ಮುಕ್ಕಾಲಿ ಹಾಕಿಕೊಂಡು ಕೂತು, ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡುತ್ತಿದ್ದರು. ತಂಪೆಲ್ಲ ಹೊರಟುಹೋಗುತ್ತದೆ ಎಂದು ಅವನು ಬಾಗಿಲ ಮೇಲೆ ತೆಲುಗಿನಲ್ಲಿ ಚೀಟಿ ಅಂಟಿಸಿದ. ಆಕೆ ಚೀಟಿ ಓದಿ, ಅಕ್ಷರ ಅಂಕುಡೊಂಕು ಎಂದು ಹೇಳಿ, ಮತ್ತೆ ಬಾಗಿಲು ತೆಗೆದರು.

ನಾಲ್ಕನೆಯ ಬೆಳಿಗ್ಗೆ ಡಬ್ಬದ ತಳದಲ್ಲಿ ಕಟ್ಟಿಕೊಂಡದ್ದೆಲ್ಲ ಬಿದ್ದಿತ್ತು. ಹಿಕ್ಕೆ ನೋಡಿ ಇಬ್ಬರು ಅಷ್ಟು ಹಿಗ್ಗಿದ್ದು ಪೆಂಡುರ್ತಿಯಲ್ಲಿ ಅದೇ ಮೊದಲಿರಬೇಕು. ಬಿಸಿಲಿಳಿಯುವವರೆಗೂ ನೀರನ್ನು ಸ್ವಲ್ಪ ಸ್ವಲ್ಪವೇ ಬೆಚ್ಚಗಾಗಿಸಿ, ಸಂಜೆ ರೇಕುವನ್ನು ಬಾನಿಗೆ ಬಿಟ್ಟರು. ಅದು ಮೆಲ್ಲಗೆ ಕೆಳಗಿಳಿಯಿತು. ನಾಲ್ಕೂ ಕಾಲು ನೆಲಕ್ಕೆ ಊರಿ, ಏನೂ ಆಗದವರ ಹಾಗೆ ನಡೆದು ಹೋಯಿತು.

ಏಳಕ್ಕೆ ಫೋನ್ ಬಂತು. ಧೀರಜ್ ಮೇಧಾಗೆ ಒಂದೂ ಬಿಡದೆ ಹೇಳಿದ, ಅಷ್ಟೂ ಸಂಜೆ ಹೇಳಿದ ಸುಳ್ಳನ್ನೂ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೋನನ್ನು ಆ ಅಮ್ಮಮ್ಮನಿಗೆ ಕೊಡು ಎಂದಳು. ಮಗು ಮುದುಕಿಗೆ ಏನಂದುಬಿಡುತ್ತದೋ ಎಂದು ಅಂಜುತ್ತಲೇ ಕೊಟ್ಟ. ಸೀತಾಮಹಾಲಕ್ಷ್ಮಿಯವರು ಎರಡೂ ಕೈಯಲ್ಲಿ ಫೋನ್ ಹಿಡಿದು ಕೇಳಿಸಿಕೊಂಡರು. "ಲೇದಮ್ಮಾ" ಎಂದರು, ಇಲ್ಲ ಮಗೂ ಎಂದು. ಇನ್ನೇನೋ ಮೆಲ್ಲಗೆ ಹೇಳಿದರು. ಕಣ್ಣೊರೆಸಿಕೊಂಡು ಫೋನ್ ವಾಪಸು ಕೊಟ್ಟರು.

"ತಿನ್ನಾರಾ, ಊಟ ಆಯ್ತಾ ಅಂತ ಕೇಳಿದೆ, ಮಾವಯ್ಯಾ. ಅವ್ರು ಊಟ ಮಾಡಿ ಮೂರು ದಿನ ಆಯ್ತಂತೆ," ಎಂದಳು ಮೇಧಾ. "ರೇಕು ತಿನ್ನದೆ ನಾನು ಹೇಗೆ ತಿನ್ಲಿ ಅಂದ್ರು. ನೀನು ಕೇಳ್ಲೇ ಇಲ್ವಾ?"

ಅವನು ಕೇಳಿರಲಿಲ್ಲ. ಮೂರು ದಿನ ಅದೇ ಮನೆಯಲ್ಲಿ ಓಡಾಡಿಕೊಂಡಿದ್ದೂ, ಆಕೆಯ ಒಲೆ ಉರಿಯದ್ದನ್ನು ಅವನು ನೋಡಿರಲಿಲ್ಲ.

ಫೋನ್ ಇಟ್ಟು ನೆಟ್ಟಗೆ ಆಕೆಯ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬ ಯಾವುದು ಎಂದು ಕೇಳಿದ. ಆಕೆ ಬೇಡ ಬೇಡ ಎನ್ನುತ್ತಲೇ ಬೆರಳು ತೋರಿಸಿದರು. ಅನ್ನ ಬೇಯುವಷ್ಟರಲ್ಲಿ ಮಹಡಿಗೆ ಓಡಿ ಒಂದು ಹುಳ ತಂದ. ಆಕೆ ಮುಖ ತಿರುಗಿಸಬಹುದೆಂದು ಬಾನಿಗೆ ಅಡ್ಡವಾಗಿ ನಿಂತ. ಸೀತಾಮಹಾಲಕ್ಷ್ಮಿಯವರು ಅವನನ್ನು ಪಕ್ಕಕ್ಕೆ ಸರಿಸಿ, ಬಾನಿಯ ಮೇಲೆ ಬಗ್ಗಿ, ಆ ಹುಳ ರೇಕುವಿನ ಬಾಯೊಳಗೆ ಪೂರ್ತಿ ಹೋಗುವ ತನಕ ರೆಪ್ಪೆ ಹೊಡೆಯದೆ ನೋಡಿದರು. ಆಮೇಲೆ ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತರು.