ಗೋದಾವರಿಬಾಯಿಗೊಂದು ಆಯೇರಿ

ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯ ಗೋದಾವರಿಬಾಯಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಎದುರಿಗಿದ್ದ ಥಾನುಗಳನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿಡುತ್ತಾರೆ. ಆ ಬುಧವಾರ ಮಧ್ಯಾಹ್ನದೊಳಗೆ ಅಂಗಡಿಯ ಅರ್ಧ ಥಾನುಗಳಿಗೆ ಈ ಗತಿ ಬಂದಿತ್ತು.

ಕಾರಣ ಒಂದು ಲಗ್ನ. ಗಾರೆ ಕೆಲಸದವರ ಬಸ್ತಿಯ ಶಂಕ್ರಮ್ಮನ ಹಿರಿಮಗಳು ಶಿವಗಂಗಾಳ ಲಗ್ನ, ಮುಂದಿನ ವಾರದ ಶುಕ್ರವಾರ. ಶಂಕ್ರಮ್ಮನ ಗಂಡ ಹುಸೇನಪ್ಪ ದೊಡ್ಡಾಟದ ತಾಲೀಮಿಗೆ ರಜೆ ಕೇಳಲು ಬಂದವನು ಮಾತಿನ ಭರದಲ್ಲಿ ಅಂದುಬಿಟ್ಟಿದ್ದ. ಬಸ್ತಿಯನ್ನೆಲ್ಲ ಕರೆದಿದ್ದಾರೆ, ಗೋದಾವರಿಬಾಯಿಯನ್ನು ಮಾತ್ರ ಕರೆದಿಲ್ಲ.

ಗೋದಾವರಿಬಾಯಿಯೇನು ಹೊರಗಿನವರೇ? ರಾಯಚೂರು, ಯಾದಗಿರಿ ಕಡೆಯಿಂದ ಈ ತೆಲುಗು ಶಹರಕ್ಕೆ ಗಾರೆ ಕೆಲಸಕ್ಕೆ ಬಂದ ಜನ ದೊಡ್ಡಾಟ ಕುಣಿಯಲು ಜಾಗವಿಲ್ಲದೆ ಮಾದಾಪುರದ ಅರ್ಧ ಕಟ್ಟಿದ ಕಟ್ಟಡಗಳಲ್ಲಿ ಹೆಜ್ಜೆ ಹಾಕುತ್ತಿದ್ದಾಗ ತಮ್ಮ ಅಂಗಡಿಯ ಮಾಳಿಗೆ ಬಿಟ್ಟುಕೊಟ್ಟವರು. ಕಿರೀಟ, ಭುಜಕೀರ್ತಿ, ಮದ್ದಲೆ ಎಲ್ಲ ಕೊಡಿಸಿದವರು. ಅದೇ ಮಾಳಿಗೆಯಲ್ಲಿ ಹಗಲು ಹೆಂಗಸರಿಗೆ ಹೊಲಿಗೆ, ಮಕ್ಕಳಿಗೆ ಕನ್ನಡ ಅಕ್ಷರ. ಬಸ್ತಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಲಿ, ಹಂದರ ಹಾಕಲಿ, ಮೊದಲ ಆಯೇರಿ, ಉಡುಗೊರೆಯ ಸೀರೆ, ಅವರದೇ. ಲಗ್ನವಾಗದೆ ಅರವತ್ತೊಂಬತ್ತಕ್ಕೆ ಬಂದ ಆ ಜೀವಕ್ಕೆ ನೆಂಟರೆಂದರೆ ಈ ಜನ. ಅವರೂ ಮರೆತರೆ?

ಸಂಜೆ ಆಟೊ ಹಿಡಿದು ಬಸ್ತಿಗೆ ಹೋಗಿಯೇ ಬಿಟ್ಟರು. ಕರೆಯದ ಮನೆಗೆ ಹೋಗುವುದು ಮರ್ಯಾದೆಯಲ್ಲ, ನಿಜ. ಆದರೆ ನೊಂದ ಜೀವ ಮರ್ಯಾದೆ ಕೇಳುತ್ತದೆಯೇ? ರೊಟ್ಟಿ ಬಡಿಯುತ್ತಿದ್ದ ಶಂಕ್ರಮ್ಮ ಅವರನ್ನು ಕಂಡು ಹಾಗೇ ಕೈ ನಿಲ್ಲಿಸಿದಳು.

"ನಾ ಏನ್ ತಪ್ಪ ಮಾಡೀನವಾ?" ಎಂದರು ಗೋದಾವರಿಬಾಯಿ.

"ತಪ್ಪ ನಿಮ್ಮದಲ್ರಿ ಅಕ್ಕಾರ," ಅವಳು ತಲೆ ತಗ್ಗಿಸಿದಳು. "ಕರದ್ರ ನೀವು ಆಯೇರಿ ತರ್ತೀರಿ. ಮೂರೂ ಮಕ್ಕಳ ತೊಟ್ಟಿಲಕ್ಕ ತಂದ್ರಿ. ನಾ ಒಮ್ಮೆರ ನಿಮಗ ತಿರುಗಿ ಮಾಡೀನೇನು? ನಿಮ್ಮ ಮನ್ಯಾಗ ಒಂದ್ ಕಾರ್ಯ ಆಗಂಗಿಲ್ಲ, ನಾವು ಒಂದ್ ಖಣ ಹಿಡ್ಕೊಂಡ್ ಬರಂಗಿಲ್ಲ. ಬರೇ ತಗೊಂಡ್ ತಗೊಂಡ್ ನನಗ ಮಾರಿ ಎತ್ತಾಕ ಆಗವಲ್ದು."

ಯಾರಾದರೂ ಶಾಲು ಹೊದಿಸಲು ಬಂದರೆ ಗದರಿಸಿ ಕಳಿಸುವುದನ್ನೇ ಗೋದಾವರಿಬಾಯಿ ಇಷ್ಟು ದಿನ ದೊಡ್ಡತನ ಅಂದುಕೊಂಡಿದ್ದರು. ಈಗ ನಾಚಿಕೆಯಾಯಿತು.

"ನನ್ನ ಮನ್ಯಾಗ ಎಲ್ಲೀ ಕಾರ್ಯ ಶಂಕ್ರಮ್ಮ? ಲಗ್ನ ಇಲ್ಲ, ತೊಟ್ಟಿಲ ಇಲ್ಲ."

ಶಂಕ್ರಮ್ಮ ಹಿಟ್ಟಿನ ಬೆರಳನ್ನೇ ಗಲ್ಲಕ್ಕಿಟ್ಟು ಯೋಚಿಸಿದಳು. "ನೀವು ಹುಟ್ಟೀರಲ್ರಿ. ಅದ ಸಾಲಂಗಿಲ್ಲೇನು?"

ಭಾನುವಾರ, ಗೋದಾವರಿಬಾಯಿ ಹುಟ್ಟಿದ್ದೇ ಒಂದು ಕಾರ್ಯವೆಂದು, ಬಸ್ತಿಯ ಹೆಂಗಸರು ಹರಿವಾಣ ಹೊತ್ತು ಮಾಳಿಗೆ ಏರಿದರು. ಹುಸೇನಪ್ಪ ಮದ್ದಲೆ ಬಾರಿಸಿದ. ಶಂಕ್ರಮ್ಮ ಹಸಿರು ಖಣವನ್ನು ಎದುರಿನ ಅಂಗಡಿಯಲ್ಲಿ ಕೊಂಡು ತಂದಿದ್ದಳು. ಇಲ್ಲಿ ಕೇಳಿದರೆ ದುಡ್ಡು ಮುಟ್ಟುವವರು ಯಾರು? ಅದು ಬಣ್ಣ ಬಿಡುವ ಮಾಲು ಎಂದು ಗೋದಾವರಿಬಾಯಿಗೆ ನೋಡುತ್ತಲೇ ತಿಳಿಯಿತು. ಆದರೂ ಅದಕ್ಕಿಂತ ಚೆಂದದ ಖಣವನ್ನು ಅವರು ಆ ತನಕ ಕಂಡಿರಲಿಲ್ಲ.

ಮಣೆಯ ಮೇಲೆ ಕೂಡಿಸಿದಾಗ ಅವರಿಗೆ ಅಳುಕಾಯಿತು. "ಉಡಿ ತುಂಬೋದು ಮುತ್ತೈದೇರಿಗೆ. ನಾ ಲಗ್ನ ಆಗದಾಕಿ."

"ಮನಿಮಗಳಿಗೂ ತುಂಬತಾರ್ರಿ," ಎಂದಳು ಶಂಕ್ರಮ್ಮ. "ಸೆರಗ ಹಿಡೀರಿ."

ಎಷ್ಟೋ ಮದುಮಕ್ಕಳಿಗೆ ಸೀರೆ ಉಡಿಸಿದವರಿಗೆ ತಮ್ಮ ಸೆರಗನ್ನು ಹೇಗೆ ಹಿಡಿಯಬೇಕೆಂದು ಗೊತ್ತಾಗಲಿಲ್ಲ. ಶಂಕ್ರಮ್ಮನೇ ಹಿಡಿಸಿಕೊಟ್ಟಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಬಿದ್ದವು. ಒಬ್ಬೊಬ್ಬರೂ ಬಂದು ತುಂಬಿದರು. ಎಲ್ಲ ಮುಗಿದ ಮೇಲೆ ಶಂಕ್ರಮ್ಮ ಕುಂಕುಮ ಹಚ್ಚಿದ ಲಗ್ನಪತ್ರಿಕೆಯನ್ನು ಅಕ್ಕಿಯ ಮೇಲಿಟ್ಟಳು.

"ಶುಕ್ರವಾರ ಐತ್ರಿ. ಹಂದರಗಂಬದ ದಿನಾನ ಬರಬೇಕು ನೀವು," ಎಂದಳು. ಆಮೇಲೆ ನಗುತ್ತ, "ಆಯೇರಿ ಮರೀಬ್ಯಾಡ್ರಿ ಮತ್ತ."

ಗೋದಾವರಿಬಾಯಿಯ ಕಣ್ಣು ತುಂಬಿ ಹರಿಯತೊಡಗಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗಳಲ್ಲಿ ಉಡಿಯ ಭಾರ. ಮದುಮಗಳು ಶಿವಗಂಗಾ ಮುಂದೆ ಬಂದು ತನ್ನ ಸೆರಗಿನಿಂದ ಅವರ ಕಣ್ಣು ಒರೆಸಿದಳು. ಅವರು ಬೇಡವೆನ್ನಲಿಲ್ಲ.