ಒಲೆ ಹತ್ತದ ಮನೆಯ ಶೇಂಗಾ ಉಂಡೆ

ಅವತ್ತು ಬೆಳಿಗ್ಗೆ ಏಳೂವರೆಗೆ ನೇತ್ರಾ ಒಳಕೋಣೆಯಲ್ಲಿ ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡು, ಅಡುಗೆಮನೆಗೆ ಬಂದು ತಾಟು ಮುಂದಿಟ್ಟುಕೊಂಡು ಕುಳಿತಳು. ತಾಯಿ ಸೌಭಾಗ್ಯ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಸೂಜಿಯಾದ ಅರ್ಧ ತಾಸಿನೊಳಗೆ ಮಗಳ ಹೊಟ್ಟೆಗೆ ರೊಟ್ಟಿಯೋ ಅನ್ನವೋ ಬೀಳಬೇಕು. ಇಲ್ಲದಿದ್ದರೆ ಮೈಯೊಳಗಿನ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ. ಎರಡು ವರ್ಷದಿಂದ ಇದೊಂದು ಸಲವೂ ತಪ್ಪಿರಲಿಲ್ಲ.

ರೊಟ್ಟಿ ಮಗುಚಿ ಹಾಕುವಷ್ಟರಲ್ಲಿ ಪಡಸಾಲೆಯಿಂದ ಅತ್ತೆ ಲಕ್ಕವ್ವ ಚೀರಿದರು. ಮಾವ ಶಿವಶರಣಪ್ಪನವರು ಚಹಾ ಕುಡಿಯುತ್ತ ಕಂಬಕ್ಕೆ ಆತು ಕುಳಿತವರು, ಕುಳಿತಂತೆಯೇ ಹೋಗಿಬಿಟ್ಟಿದ್ದರು.

ಬಿಜ್ಜರಗಿಯ ಆ ಓಣಿಯಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಯಾರೋ ಹಿರಿಯ ಹೆಂಗಸು ಒಳಬಂದು ಗ್ಯಾಸ್ ಬಂದ್ ಮಾಡಿ, ಅರೆಬೆಂದ ರೊಟ್ಟಿಯನ್ನು ಹಿತ್ತಲಿನ ಎಮ್ಮೆಗೆ ಹಾಕಿದಳು. ಹೆಣ ಹೊರಬೀಳುವತನಕ ಮನೆಯಲ್ಲಿ ಒಲೆ ಹತ್ತಬಾರದು. ಆ ಮನೆಯದಷ್ಟೇ ಅಲ್ಲ, ಓಣಿಯ ಯಾವ ಒಲೆಯೂ ಹತ್ತುವುದಿಲ್ಲ. ದೊಡ್ಡವರು ಬಾಯಿಗೆ ಏನೂ ಹಾಕುವುದಿಲ್ಲ. ಸಣ್ಣ ಮಕ್ಕಳನ್ನು ಆಚೆ ಓಣಿಗೆ ಕರೆದೊಯ್ದು ಉಣಿಸಿ ತರುತ್ತಾರೆ. ನೇತ್ರಾ ಹದಿನಾರಕ್ಕೆ ಕಾಲಿಟ್ಟವಳು, ಆ ಮಕ್ಕಳ ಸಾಲಿಗೆ ಸೇರಿದವಳಲ್ಲ.

ಗಂಡ ಸಂಗನಬಸವ ಮಣ್ಣಿನ ಏರ್ಪಾಟಿಗೆಂದು ಹೊರಗೆ ಓಡಿದ. ಸೌಭಾಗ್ಯ ಮಾವನ ಕಾಲು ಹಿಡಿದು ಅತ್ತಳು. ಸೊಸೆಯಾದವಳು ಅಳಬೇಕೆಂದು ಅತ್ತದ್ದಲ್ಲ, ಕರುಳೇ ಕಿತ್ತು ಬಂದಿತ್ತು. ಅಳುತ್ತ ತಲೆಯೆತ್ತಿದಾಗ ಗೋಡೆಯ ಗಡಿಯಾರ ಕಂಡಿತು. ಎಂಟು ದಾಟಿ ಐದು ನಿಮಿಷ. ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ನೇತ್ರಾ ಖಾಲಿ ತಾಟಿನ ಮುಂದೆಯೇ ಇದ್ದಳು. ಕಣ್ಣು ಕೆಂಪಾಗಿದ್ದವು. ಸೌಭಾಗ್ಯ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕಲಕಿ ಕೊಟ್ಟಳು.

"ಮೊದಲ ಇದನ್ನ ಕುಡಿ ತಂಗಿ."

"ಮುತ್ಯಾ ಹ್ವಾದಲ್ಲ ಯವ್ವಾ."

"ಹೂಂ. ಕುಡಿ."

ನೇತ್ರಾ ಕುಡಿದು ಲೋಟ ಕೆಳಗಿಟ್ಟಳು. "ಇನ್ನ ಗುರುಬಾಯತ್ತಿಗಿ ಯಾರ ಹೇಳ್ತಾರ?"

ನೇತ್ರಾಳ ಸಕ್ಕರೆ ಬೇನೆ ಮನೆಯ ಐವರಿಗೆ ಮತ್ತು ಪಕ್ಕದ ಮನೆಯ ಮುನೀರಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹತ್ತನೇ ಪರೀಕ್ಷೆ ಮುಗಿಸಿದ್ದ ಹುಡುಗಿಗೆ ವಿಜಯಪುರದಲ್ಲಿ ಸೈನ್ಸ್ ಓದುವ ಆಸೆ. ಅಪ್ಪ ಸಂಗನಬಸವ ಒಂದೇ ಮಾತು ಹೇಳಿದ್ದ: "ಅಕ್ಕನ ಮನ್ಯಾಗ ಇರೂದಾದ್ರ ಕಳಸ್ತೀನಿ, ಹಾಸ್ಟೆಲಿಗಿ ಕಳಸೂದಿಲ್ಲ." ವಿಜಯಪುರದ ಆ ಅಕ್ಕ ಗುರುಬಾಯಿ ಕಾಯಿಲೆ ಬಿದ್ದ ತನ್ನ ಅತ್ತೆಯ ಆರೈಕೆಯನ್ನು ಆರು ವರ್ಷ ಮಾಡಿ ಬಸವಳಿದವಳು. ಇನ್ನು ನನ್ನ ಹೊಸ್ತಿಲೊಳಗೆ ಬೇನೆ ಕಾಲಿಡಬಾರದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು. ಅಂಥವಳಿಂದ ಮಾವ ಮಾತು ತೆಗೆದುಕೊಂಡಿದ್ದರು, ಜೂನಿನಿಂದ ಹುಡುಗಿ ಅವಳ ಮನೆಯಲ್ಲಿ ಇರುತ್ತಾಳೆ ಎಂದು. ಬೇನೆಯ ವಿಷಯ ಮಾತ್ರ ಬಾಯಿ ಬಿಟ್ಟಿರಲಿಲ್ಲ. "ಕಾಲೇಜಿಗಿ ಹೆಸರ ಹಚ್ಚಲಿ. ಆಮ್ಯಾಲ ನಾನ ಹೋಗಿ ಆಕೀ ಮುಂದ ಕುಂತು ಹೇಳ್ತೀನಿ. ನನ್ನ ಮಗಳ ನನಗ ಒಲ್ಲೆ ಅನ್ನೂದಿಲ್ಲ" ಎಂದಿದ್ದರು. ಹೇಳಬೇಕಾದವರು ಈಗ ಪಡಸಾಲೆಯಲ್ಲಿ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಗೋಡೆಗೆ ಆತು ಕುಳಿತಿದ್ದರು.

"ನೇತ್ರಾ! ಎಲ್ಲಿದ್ದಿ ಬೇ? ಮುತ್ಯಾನ ಹಂತ್ಯಾಕ ಬಂದು ಕುಂದ್ರು!" ಲಕ್ಕವ್ವ ಹೊರಗಿನಿಂದ ಕೂಗಿದರು.

ನೇತ್ರಾ ಎದ್ದಳು. ಸೌಭಾಗ್ಯ ಅವಳ ರಟ್ಟೆ ಹಿಡಿದು ಪಿಸುಗುಟ್ಟಿದಳು. "ಹತ್ತ ನಿಮಿಷ ಕುಂದ್ರು. ಕರದ ಕೂಡ್ಲೆ ಒಳಗ ಬಾ."

ಸಕ್ಕರೆ ನೀರು ಏರಿದಷ್ಟೇ ಬೇಗ ಇಳಿಯುತ್ತದೆ. ಅದರ ಬೆನ್ನಿಗೆ ಗಟ್ಟಿಯಾದದ್ದು ಹೊಟ್ಟೆಯಲ್ಲಿ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಒಲೆಯಿಲ್ಲದೆ ಆಗುವಂಥದ್ದೊಂದು ಸೌಭಾಗ್ಯಳಿಗೆ ಗೊತ್ತಿತ್ತು. ಮಗಳ ಶಾಲೆಯ ಡಬ್ಬಿಗೆ ಅದನ್ನೇ ಹಾಕಿ ಕಳಿಸುತ್ತಿದ್ದಳು. ಹುರಿದ ಶೇಂಗಾ ಎಣ್ಣೆ ಬಿಡುವತನಕ ಅರೆದು, ಬಾಳೆಹಣ್ಣು ಕಿವುಚಿ, ಒಣದ್ರಾಕ್ಷಿ ಸೇರಿಸಿ ಕಟ್ಟಿದ ಉಂಡೆ. ಮಿಕ್ಸರಿನಲ್ಲಿ ಐದು ನಿಮಿಷದ ಕೆಲಸ.

ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಚಟ್ನಿ ಮಾಡಲೆಂದು ಹುರಿದಿಟ್ಟ ಶೇಂಗಾ ಡಬ್ಬಿಯಲ್ಲಿತ್ತು. ಮಿಕ್ಸರಿನ ಗುಂಡಿಯ ಮೇಲೆ ಬೆರಳಿಟ್ಟವಳು ಹಾಗೇ ನಿಂತಳು. ಹೊರಗೆ ಭಜನೆಯವರು ತಾಳ ಜೋಡಿಸುತ್ತಿದ್ದರು. ಹೆಣವಿದ್ದ ಮನೆಯಲ್ಲಿ ಮಿಕ್ಸರು ಗುರ್ರೆಂದರೆ ಇಡೀ ಓಣಿ ಒಳಗೆ ಬಂದೀತು. ಒಳಕಲ್ಲಿನಲ್ಲಿ ಕುಟ್ಟಿದರೂ ಅದೇ ಗತಿ.

ಮುಷ್ಟಿ ಶೇಂಗಾವನ್ನು ದಪ್ಪ ಅರಿವೆಯಲ್ಲಿ ಸುತ್ತಿ ನೆಲದ ಮೇಲಿಟ್ಟು, ಲಟ್ಟಣಿಗೆಯಿಂದ ಮೈಭಾರ ಹಾಕಿ ಒತ್ತತೊಡಗಿದಳು. ಕಾಳು ಅರಿವೆಯೊಳಗೆ ಕಟಕಟ ಮುರಿದವು. ಪುಡಿಯನ್ನು ಹಿಟ್ಟು ನಾದುವ ಪರಾತಕ್ಕೆ ಸುರಿದು ಸ್ಟೀಲ್ ಬಟ್ಟಲಿನ ಬುಡದಿಂದ ತಿಕ್ಕಿದಳು. ಯಂತ್ರ ಗಳಿಗೆಯಲ್ಲಿ ಮಾಡುವುದನ್ನು ಕೈ ಮಾಡುವುದಿಲ್ಲ. ಹಣೆಯ ಬೆವರು ಮೂಗಿಗೆ ಇಳಿಯಿತು. ಪುಡಿ ಪುಡಿಯಾಗಿಯೇ ಉಳಿದಿತ್ತು.

ಹಿತ್ತಲ ಬಾಗಿಲಿನಿಂದ ಮುನೀರಾ ಒಳಬಂದಳು. ಸೆರಗಿನೊಳಗೆ ಮೂರು ಬಾಳೆಹಣ್ಣು.

"ನಿಮ್ಮ ಮನ್ಯಾಗ ಹಣ್ಣ ಇಲ್ಲಂತ ಗೊತ್ತಿತ್ತು. ಹುಡುಗಿ ಏನರೆ ತಿಂದಾಳ?"

"ಬರೇ ಸಕ್ಕರಿ ನೀರ."

"ಯಾ ಅಲ್ಲಾ! ಸೂಜಿ?"

"ಆಗೇತಿ."

ಮುನೀರಾ ಕುಳಿತು ಹಣ್ಣು ಸುಲಿದಳು. ಇಬ್ಬರೂ ತಿಕ್ಕಿದರು. ಕೊನೆಗೆ ಶೇಂಗಾ ಜಿಡ್ಡು ಬಿಟ್ಟು ಬಟ್ಟಲಿಗೆ ಅಂಟತೊಡಗಿತು. ಸೌಭಾಗ್ಯ ಹಣ್ಣು ಕಿವುಚಿ ಹಾಕಿದಳು, ಚಿಟಿಕೆ ಉಪ್ಪು ಉದುರಿಸಿದಳು. ಒಣದ್ರಾಕ್ಷಿ, ದ್ರಾಕ್ಷಿ ಒಣಗಿಸುವ ತಮ್ಮದೇ ಶೆಡ್ಡಿನದು. ಬಣ್ಣಗೆಟ್ಟದ್ದನ್ನೆಲ್ಲ ಆರಿಸಿ ಮನೆಗೆಂದು ಮಾವನೇ ತಂದಿಡುತ್ತಿದ್ದರು. "ಮಾರೂದಕ್ಕ ಚಂದ ಬೇಕು, ತಿನ್ನೂದಕ್ಕ ರುಚಿ ಸಾಕು" ಎನ್ನುತ್ತಿದ್ದರು. ಅದನ್ನು ನೆನೆದು ಅಳಲೂ ಆಗ ಪುರಸೊತ್ತಿರಲಿಲ್ಲ. ನಿಂಬೆಹಣ್ಣಿನ ಗಾತ್ರದ ನಾಲ್ಕು ಉಂಡೆ ಕಟ್ಟಿ ಡಬ್ಬಿಗೆ ಹಾಕಿದಾಗ ಒಂಬತ್ತು ಹೊಡೆಯಲು ಹತ್ತು ನಿಮಿಷವಿತ್ತು.

ಬಾಗಿಲಲ್ಲಿ ನಿಂತು ಮಗಳನ್ನು ಕರೆಯಬೇಕು, ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. "ಯಪ್ಪಾ! ನನ್ನಪ್ಪಾ!" ಎನ್ನುತ್ತ ಗುರುಬಾಯಿ ಒಳಗೆ ಬಂದು ತಂದೆಯ ಮೊಳಕಾಲಿನ ಮೇಲೆ ಬಿದ್ದಳು. ಅತ್ತು ಅತ್ತು ಎದ್ದವಳು ಪಕ್ಕದಲ್ಲಿದ್ದ ನೇತ್ರಾಳನ್ನು ಬಾಚಿ ಎದೆಗೆ ಅಪ್ಪಿಕೊಂಡಳು. "ನಿನ್ನ ಮ್ಯಾಲ ಜೀವಾ ಇಟ್ಟಿದ್ದ ನಮ್ಮಪ್ಪ. ನೀನ ನನಗ ಈಗ ಅವನ ಗುರ್ತು." ಆ ಅಪ್ಪುಗೆ ಸಡಿಲಲಿಲ್ಲ.

"ನೇತ್ರಾ, ಒಂದೀಟ ಒಳಗ ಬಾ. ಬಂದವ್ರಿಗಿ ನೀರ ಕೊಡಬೇಕು," ಎಂದಳು ಸೌಭಾಗ್ಯ.

"ಬಿಡ ಸೌಭಾಗ್ಯಾ. ಇವತ್ತೊಂದಿನ ಆಕೀಗಿ ಕೆಲಸ ಹಚ್ಚಬ್ಯಾಡ. ಅತ್ತು ಹಗರಾಗ್ಲಿ," ಎಂದಳು ಗುರುಬಾಯಿ.

"ಹಂಗಲ್ಲ ಅಕ್ಕಾರ, ಬರೇ ಒಂದ ನಿಮಿಷ..."

"ನೀರ ನಾ ಕೊಡ್ತೀನ ತಗೋ," ಎಂದು ಬೇರೆ ಯಾವಳೋ ಎದ್ದಳು. ಸೊಸೆಗೆ ಈ ಹೊತ್ತಿನಲ್ಲೂ ಮನೆಗೆಲಸದ್ದೇ ಚಿಂತೆ ಎಂಬಂತೆ ಇನ್ನೊಬ್ಬಳು ಮೂಗು ಮುರಿದಳು.

ಸೌಭಾಗ್ಯ ಡಬ್ಬಿಯನ್ನು ಸೆರಗಿನೊಳಗೆ ಹಿಡಿದು ಮಗಳ ಎದುರಿಗೆ ಬಂದು ಕುಳಿತಳು. ನೇತ್ರಾಳ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು. ಕೈ ಸಣ್ಣಗೆ ನಡುಗುತ್ತಿತ್ತು.

"ನೋಡ್ರಿ ಹೆಂಗ ನಡಗಾಕತ್ತೈತಿ ಕೂಸು," ಎಂದಳು ಹಿಂದೆ ಕುಳಿತ ಮುದುಕಿ. "ಈಗಿನ ಹುಡುಗೂರು ಇಷ್ಟ ದುಃಖಾ ಮಾಡೂದು ನಾ ನೋಡಿಲ್ಲವ್ವ."

"ಮುತ್ಯಾನ ಮೊಮ್ಮಗಳ ಅಂದ್ರ ಇಕೀನ ನೋಡು."

ಗುರುಬಾಯಿ ಹುಡುಗಿಯ ತಲೆ ಸವರಿ ಇನ್ನಷ್ಟು ಒತ್ತಿ ಹಿಡಿದಳು. ಆ ತೋಳಿನೊಳಗಿನಿಂದ ನೇತ್ರಾ ತಾಯಿಯನ್ನು ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಬೇಡ, ಹೇಳಬೇಡ. ಸೌಭಾಗ್ಯಳಿಗೆ ಅರ್ಥವಾಯಿತು. ಇನ್ನೊಂದು ನಿಮಿಷ ನೋಡೋಣ ಎಂದುಕೊಂಡಳು. ಭಜನೆಯ ಒಂದು ಪದ ಮುಗಿದರೆ ಗುರುಬಾಯಿ ಎದ್ದಾಳು, ಮುಖ ತೊಳೆಯಲು ಹೋದಾಳು. ಆ ಒಂದು ನಿಮಿಷ ಸೌಭಾಗ್ಯ ಮಗಳ ಓದನ್ನು ಒಂದು ಕೈಯಲ್ಲಿ, ಜೀವವನ್ನು ಒಂದು ಕೈಯಲ್ಲಿ ಹಿಡಿದು ಕುಳಿತಿದ್ದಳು.

ಪದ ಮುಗಿಯಿತು. ಗುರುಬಾಯಿ ಏಳಲಿಲ್ಲ.

"ಸಾಲಿಗಿ ಹೊತ್ತಾತು," ಎಂದಳು ನೇತ್ರಾ. ಮಾತು ನಿದ್ದೆಯಲ್ಲಿ ಕನವರಿಸಿದಂತಿತ್ತು. "ಮುತ್ಯಾ, ಬಸ್ ಬಂತು."

ಹೆಂಗಸರೆಲ್ಲ ಗೊಳೋ ಎಂದು ಅತ್ತರು.

"ಮುನೀರಾ! ಸಕ್ಕರಿ ನೀರ ತಾ!"

ಹಾಗೆ ಕೂಗಿದ್ದು ತಾನೇ ಎಂದು ಸೌಭಾಗ್ಯಳಿಗೆ ತಿಳಿಯಲಿಲ್ಲ. ಗುರುಬಾಯಿಯ ತೋಳು ಬಿಡಿಸಿ ಮಗಳನ್ನು ತನ್ನ ತೊಡೆಗೆ ಎಳೆದುಕೊಂಡಿದ್ದಳು. ಮುನೀರಾ ಲೋಟ ತಂದಳು. ನೇತ್ರಾ ಹಲ್ಲು ಬಿಗಿಹಿಡಿದು ಮುಖ ತಿರುಗಿಸಿದಳು. ಬೇನೆಯ ಹಟವೋ ಹುಡುಗಿಯ ಹಟವೋ, ನೀರು ಕತ್ತಿನ ಮೇಲೆಲ್ಲ ಚೆಲ್ಲಿತು. ಗಲ್ಲ ಒತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಕಣ್ಣು ನೆಟ್ಟಗಾದ ಮೇಲೆ ಸೌಭಾಗ್ಯ ಡಬ್ಬಿ ತೆರೆದು ಉಂಡೆ ಮುರಿದು ಬಾಯಿಗಿಟ್ಟಳು.

"ಹೆಣದ ಮುಂದ ಉಣಸ್ತಿ ಏನ ಸೌಭಾಗ್ಯಾ? ಬುದ್ಧಿ ನೆಟ್ಟಗೈತಿಲ್ಲ ನಿಂದು?" ಎಂದಳು ಗುರುಬಾಯಿ. ಲಕ್ಕವ್ವ ಸೊಸೆಯತ್ತ ನೋಡಿ, ಗೊತ್ತಿದ್ದೂ ತಲೆ ತಗ್ಗಿಸಿದರು.

"ಆಕೀಗಿ ಸಕ್ಕರಿ ಬ್ಯಾನಿ ಐತ್ರಿ ಅಕ್ಕಾರ. ಎರಡ ವರ್ಷಾತು. ದಿನಾ ಎರಡ ಸಲ ಸೂಜಿ. ಆಕಿ ಅಳಾಕತ್ತಿದ್ದಿಲ್ಲ, ಸಕ್ಕರಿ ಇಳದಿತ್ತು."

ತಾಳ ನಿಂತಿತು. ಯಾರೋ "ಅಯ್ಯ, ಹೆಣ್ಣಕೂಸ..." ಎಂದು ಲೊಚಗುಟ್ಟಿದರು. ನೇತ್ರಾ ಉಂಡೆಯನ್ನು ಅಗಿಯುತ್ತ ಗೋಡೆಯ ಕಡೆ ಹೊರಳಿದಳು. ನಾಲ್ಕನ್ನೂ ತಿಂದಳು. ಮಣ್ಣು ತಿಂದಂತೆ ತಿಂದಳು.

ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡಿ ಬಂದರು. ಆಚೆ ಓಣಿಯವರು ರೊಟ್ಟಿ, ಪುಂಡಿಪಲ್ಯ ತಂದು ಕೊಟ್ಟರು. ಯಾರೂ ಹುಡುಗಿಯ ವಿಷಯ ಎತ್ತಲಿಲ್ಲ. ಆದರೆ ಅವಳ ತಾಟಿಗೆ ಬಡಿಸುವಾಗ ಎಲ್ಲರ ಕೈಯೂ ಒಂದು ಗಳಿಗೆ ಹಿಂದೆಗೆಯುತ್ತಿತ್ತು. ಇದನ್ನು ತಿನ್ನಬಹುದೋ ಇಲ್ಲವೋ ಎಂದು ಸೌಭಾಗ್ಯಳ ಮುಖ ನೋಡುತ್ತಿದ್ದರು.

ಮೂರನೆಯ ದಿನದ ಕಾರ್ಯ ಮುಗಿಸಿ ಗುರುಬಾಯಿ ಹೊರಟು ನಿಂತಳು. ಹೊರಡುವ ಮುನ್ನ ತಮ್ಮನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡಳು. ಒಳಗಿನ ಬಾಗಿಲಿಗೆ ಆತು ಸೌಭಾಗ್ಯ ಕೇಳಿಸಿಕೊಂಡಳು.

"ನೀವು ಮುಚ್ಚಿಟ್ರಿ ಅಂತ ಸಿಟ್ಟಿಲ್ಲ ಸಂಗನಬಸವ. ಅಪ್ಪನ ಮಾತು ಮೀರ್ತೀನಿ ಅಂತ ದುಃಖನೂ ಐತಿ. ಖರೇ ನೀನ ವಿಚಾರ ಮಾಡು. ನನ್ನ ಕೈಯಾಗ ಹಿಡಕೊಂಡ ಕುಂತಿದ್ನಿ ಆಕೀನ. ಎದಿಗಿ ಅವಚಿಕೊಂಡಿದ್ನಿ. ಅಳಾಕತ್ತಾಳ ಅಂತ ತಿಳದ್ನಿ ನಾ. ನಾಳೆ ನನ್ನ ಮನ್ಯಾಗ ಹಿಂಗಾದ್ರ, ಮಲಗ್ಯಾಳ ಅಂತ ಚಾದರ ಹೊಚ್ಚಿ ಬರ್ತೀನಿ. ನನ್ನಿಂದ ಆಗೂದಿಲ್ಲಪ್ಪ."

"ನಾನೂ ಹಂಗ ಅಂತೀನಿ ಅಕ್ಕ," ಎಂದ ಸಂಗನಬಸವ. "ಕಣ್ಣ ಮುಂದ ಇರ್ಲಿ."

"ಇಲ್ಲೇ ಬಾಜೂಕ ತಿಕೋಟಾದಾಗ ಏನರೆ ಓದ್ಲಿ ಬಿಡು."

"ನೋಡೂಣಂತ."

ಆ 'ನೋಡೋಣ'ದ ಅರ್ಥ ಸೌಭಾಗ್ಯಳಿಗೆ ಹದಿನೆಂಟು ವರ್ಷದ ಸಂಸಾರದಿಂದ ಗೊತ್ತಿತ್ತು. ಗುರುಬಾಯಿಯ ಮಾತಿನಲ್ಲಿ ಒಂದು ಸುಳ್ಳಾದರೂ ಇದ್ದಿದ್ದರೆ ಹೊರಗೆ ಹೋಗಿ ಜಗಳವಾಡಬಹುದಿತ್ತು. ಇರಲಿಲ್ಲ. ಹೊರಗೆ ಹೋಗದೆ ಕೋಣೆಗೆ ಬಂದಳು. ನೇತ್ರಾ ಕಿಟಕಿಯ ಬಳಿ ಕಾಲು ಮಡಚಿ ಕುಳಿತಿದ್ದಳು. ಪಡಸಾಲೆಯ ಮಾತು ಆ ಕಿಟಕಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ.

"ತಂಗಿ."

ನೇತ್ರಾ ತಿರುಗಲಿಲ್ಲ.

"ನಾ ಮತ್ತ ಮಾತಾಡ್ತೀನಿ ನಿಮ್ಮಪ್ಪನ ಕೂಡ. ತಿಥಿ ಒಂದ ಮುಗೀಲಿ."

"ಬ್ಯಾಡ."

ಸೌಭಾಗ್ಯ ಹತ್ತಿರ ಕುಳಿತು ಮಗಳ ಜಡೆಗೆ ಕೈ ಹಾಕಿದಳು. ಮೂರು ದಿನದಿಂದ ಬಾಚಿರಲಿಲ್ಲ. ಬೆರಳಿನಿಂದಲೇ ಸಿಕ್ಕು ಬಿಡಿಸತೊಡಗಿದಳು. ನೇತ್ರಾ ಬಿಡಿಸಿಕೊಳ್ಳಲೂ ಇಲ್ಲ, ಒರಗಲೂ ಇಲ್ಲ.

"ಅವತ್ತ ನೀ ಸುಮ್ನ ಇದ್ದಿದ್ರ ಏನಾಕ್ಕಿತ್ತು ಯವ್ವಾ?" ಎಂದು ಕೇಳಿದಳು.

"ನೀ ಇರ್ತಿದ್ದಿಲ್ಲ."

"ಹೂಂ," ಎಂದಳು ನೇತ್ರಾ.

ಆ 'ಹೂಂ'ನಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಮಳೆ ಬಂತಂತೆ ಎಂದರೆ ಹೂಂ ಎನ್ನುವಂಥ ಹೂಂ. ಸೌಭಾಗ್ಯಳ ಬೆರಳು ಕೂದಲಲ್ಲೇ ನಿಂತುಬಿಟ್ಟವು. ಅಂಗಳದಲ್ಲಿ ಕಾರು ಶುರುವಾದದ್ದು ಕೇಳಿಸಿತು. ಗುರುಬಾಯಿಯನ್ನು ಕಳಿಸಿಕೊಡಲು ಬಾ ಎಂದು ಲಕ್ಕವ್ವ ಕರೆದರು, ಮತ್ತೊಮ್ಮೆ ಕರೆದರು. ಅವಳು ಏಳಲಿಲ್ಲ. ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕುಳಿತಳು. ಬೆವರಿದೆಯೋ ಇಲ್ಲವೋ ಎಂದು ನೋಡುವಂತೆ, ಹಿಡಿದೇ ಕುಳಿತಳು.